ಸೈಕಲ್ ಸವಾರಿಯೂ ಶರೀರಧರ್ಮವೂ

ಶರೀರವನ್ನು ಕುರಿತು ನಮ್ಮ ಹಿರಿಯರು ಎರಡು ಬಗೆಯ ಮಾತುಗಳನ್ನು ಹೇಳುತ್ತ ಬಂದಿದ್ದಾರೆ. ಶರೀರವು ಧರ್ಮಸಾಧನೆಗೆಂದು ದೊರೆತ ಉಪಕರಣ, ಅದನ್ನು ಕೆಡಿಸಿಕೊಳ್ಳಲಾಗದು ಎಂಬುದು ಒಂದು ಮಾತು. ಶರೀರವು ಅಳಿಯತಕ್ಕದ್ದು, ಅದರಲ್ಲಿ ಅಭಿಮಾನವನ್ನಿಡಲಾಗದು ಎಂಬುದು ಇನ್ನೊಂದು. ಎರಡೂ ಸತ್ಯವೇ. ಆದರೆ ಸಂಸಾರದ ನೂರು ಹೊರೆಗಳನ್ನು ಹೊತ್ತ ಗೃಹಸ್ಥನು ಈ ಎರಡು ಸತ್ಯಗಳ ನಡುವೆ ಎಲ್ಲಿ ನಿಲ್ಲತಕ್ಕದ್ದು ಎಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ದೊಡ್ಡ ತತ್ತ್ವಗಳನ್ನು ಸಣ್ಣ ಸಂಗತಿಗಳ ಮೇಲೆ ಒರೆಹಚ್ಚಿ ನೋಡುವುದು ಒಳ್ಳೆಯ ಪದ್ಧತಿ. ಆದುದರಿಂದ ಈ ಪ್ರಶ್ನೆಯನ್ನು ನಿಮ್ಮೆಲ್ಲರಿಗೂ ಪರಿಚಿತವಾದ ಒಂದು ಸಾಧಾರಣ ವಾಹನದ ಮೂಲಕ ವಿಚಾರಿಸೋಣ. ಅದು ಸೈಕಲ್ಲು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರಸ್ತೆಗಳಲ್ಲಿ ಮುಂಜಾನೆ ಸಂಚರಿಸುವವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ಐವತ್ತರ ಆಸುಪಾಸಿನ ಗೃಹಸ್ಥರು, ಅವರಲ್ಲಿ ಶಿಕ್ಷಕರುಂಟು, ವರ್ತಕರುಂಟು, ಬ್ಯಾಂಕಿನ ನೌಕರರುಂಟು, ಎಂದೋ ಕೈಬಿಟ್ಟಿದ್ದ ಸೈಕಲ್ಲನ್ನು ಮತ್ತೆ ಹಿಡಿದು ಊರ ಹೊರಗಿನ ಕೆರೆಯವರೆಗೋ ಕ್ರಾಸಿನವರೆಗೋ ಹೋಗಿ ಬರುತ್ತಾರೆ. ಹೆಚ್ಚಿನವರಿಗೆ ಇದನ್ನು ಕಲಿಸಿದವರು ವೈದ್ಯರು. ಸಕ್ಕರೆ ಏರಿದೆ, ರಕ್ತದೊತ್ತಡ ಏರಿದೆ, ತೂಕ ಇಳಿಸಿರಿ ಎಂಬುದು ಅವರ ಅಪ್ಪಣೆ. ಹೀಗೆ ಸೈಕಲ್ ಹಿಡಿದ ಭಕ್ತರೊಬ್ಬರು ನಮ್ಮ ಮುಂದೆ ಕುಳಿತು, “ಅಜ್ಜಾರ, ದಿನಾ ಒಂದು ತಾಸು ತುಳಿತೀನ್ರಿ. ಆದ್ರ ಯಾ ಊರಿಗೂ ಹೋಗಂಗಿಲ್ಲ, ಯಾ ಕೆಲಸಾನೂ ಆಗಂಗಿಲ್ಲ. ಬರೇ ನನ್ನ ಹೊಟ್ಟಿ ಕರಗಸೂ ಸಲುವಾಗಿ ಬೆವರು ಸುರಿಸೂದು. ಇದು ಎಂಥಾ ಕಾಯಕರೀ?” ಎಂದು ಕೇಳಿದರು. ಕೇಳಿದ್ದು ನಗುತ್ತ. ಆದರೆ ಪ್ರಶ್ನೆ ನಗೆಯದಲ್ಲ. ತನ್ನ ದೇಹಕ್ಕಾಗಿಯೇ ಪಡುವ ಶ್ರಮಕ್ಕೆ ಧರ್ಮದಲ್ಲಿ ಸ್ಥಾನವುಂಟೇ ಎಂಬುದು ಅದರ ತಾತ್ಪರ್ಯ.

ಈ ಪ್ರಶ್ನೆ ನಮ್ಮ ತಂದೆ ತಾತಂದಿರಿಗೆ ಹುಟ್ಟುತ್ತಿರಲಿಲ್ಲ. ಅವರಿಗೆ ಸೈಕಲ್ ವ್ಯಾಯಾಮದ ಸಾಧನವಾಗಿರಲಿಲ್ಲ. ಹಳ್ಳಿಯಿಂದ ಹೈಸ್ಕೂಲಿಗೆ ಹೋಗುವ ಹುಡುಗ, ಹಾಲಿನ ಕ್ಯಾನು ತೂಗುಹಾಕಿಕೊಂಡು ಪೇಟೆಗೆ ಬರುವವನು, ಸವಣೂರಿನ ತೋಟದಿಂದ ವೀಳ್ಯದೆಲೆಯ ಪೆಂಡಿಯನ್ನು ಸಂತೆಗೆ ಒಯ್ಯುವವನು, ಅಂಚೆ ಹಂಚುವವನು, ಶಾಲೆಯ ಮಾಸ್ತರರು, ಇವರೆಲ್ಲರ ಜೀವನ ಆ ಎರಡು ಗಾಲಿಗಳ ಮೇಲೆ ನಡೆಯುತ್ತಲಿತ್ತು. ಕಾಲು ಎಟುಕದ ಬಾಲಕರು ಅಡ್ಡಗಂಬಿಯ ಕೆಳಗೆ ಕಾಲು ತೂರಿಸಿ, ತಾಸಿನ ಬಾಡಿಗೆಯ ಸೈಕಲ್ಲಿನಲ್ಲಿ ಬಿದ್ದೆದ್ದು ಕಲಿಯುತ್ತಿದ್ದರು. 1972ರಲ್ಲಿ ಲೂನಾ ಬಂದಿತು, 1980ರಲ್ಲಿ ಟಿವಿಎಸ್ 50 ಬಂದಿತು, 1985ರಲ್ಲಿ ಹೀರೋ ಹೋಂಡಾ ಬಂದಿತು. ಒಂದೊಂದಾಗಿ ಮನೆಯ ಸೈಕಲ್ಲುಗಳು ಕಟ್ಟಿಗೆಮನೆ ಸೇರಿದವು. 1951ರಲ್ಲಿ ಆರಂಭವಾಗಿ ದೇಶದ ಮೂಲೆಮೂಲೆಗೂ ಸೈಕಲ್ ಮುಟ್ಟಿಸಿದ್ದ ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನವೂ ಆಗಿದ್ದುದು ಕಾಕತಾಳೀಯ.

ಮೋಟಾರು ವಾಹನ ಬಂದುದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ನಡುರಾತ್ರಿ ಬೇನೆಯೆದ್ದ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವವರಿಗೆ ಅದರ ಬೆಲೆ ಗೊತ್ತು. ಆದರೆ ಅದರೊಡನೆ ಒಂದು ನಷ್ಟವೂ ಸದ್ದಿಲ್ಲದೆ ಒಳಗೆ ಬಂದಿತು. ದುಡಿಮೆಯೊಳಗೆ ಅಡಗಿದ್ದ ವ್ಯಾಯಾಮ ದುಡಿಮೆಯನ್ನು ಬಿಟ್ಟುಹೋಯಿತು. ಇದರ ಪರಿಣಾಮವೇನೆಂಬುದನ್ನು ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದ್ದಾರೆ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿದ ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿ 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ರಸ್ತೆ. ಆದರೂ ದಿನವಿಡೀ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚು. ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಕಡಿಮೆ. ಕಾಲ್ನಡಿಗೆಯಲ್ಲೂ ಸೈಕಲ್ಲಿನಲ್ಲೂ ಅಂಚೆ ಹಂಚುವವರನ್ನು ಕುರ್ಚಿಯಲ್ಲಿ ಕುಳಿತು ಬರೆಯುವ ಅಂಚೆ ಗುಮಾಸ್ತರೊಡನೆ ಹೋಲಿಸಿದಾಗಲೂ ಅದೇ ಅಂತರ ಕಂಡಿತು. ಆ ನಿರ್ವಾಹಕನಾಗಲಿ ಅಂಚೆಯವನಾಗಲಿ ಆರೋಗ್ಯವನ್ನು ಬಯಸಿ ಹೆಜ್ಜೆ ಹಾಕಿದವನಲ್ಲ. ಅನ್ಯರಿಗಾಗಿ ಮಾಡಿದ ಕೆಲಸವೇ ಅವನ ಹೃದಯವನ್ನು ಕಾಯುತ್ತಲಿತ್ತು. ಕಾಯವನ್ನು ಕಾಯುವ ಗುಣ ಕಾಯಕದಲ್ಲಿಯೇ ಇದ್ದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮೈಯಲ್ಲಿ ಮೇದಸ್ಸು ಏಕೆ ಸೇರುತ್ತದೆಂಬುದನ್ನೂ ತಿಳಿಯಬೇಕು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಆ ಮಹಾವೃಕ್ಷಗಳನ್ನು ನೀವು ನೋಡಿರುತ್ತೀರಿ. ಆಫ್ರಿಕದ ಮೂಲದ ಆ ಮರ ತನ್ನ ದಪ್ಪ ಬೊಡ್ಡೆಯಲ್ಲಿ ಬೇಸಗೆಗೆಂದು ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮನುಷ್ಯದೇಹವೂ ಹಾಗೆಯೇ ಬರಗಾಲಕ್ಕೆಂದು ಕೊಬ್ಬನ್ನು ಕೂಡಿಡುತ್ತದೆ. ಕೂಡಿಡುವುದು ದೋಷವಲ್ಲ, ಅದು ಪ್ರಕೃತಿಯ ವಿವೇಕ. ಮರಕ್ಕೆ ಬೇಸಗೆ ಬರುತ್ತದೆ, ಕೂಡಿಟ್ಟದ್ದು ವೆಚ್ಚವಾಗುತ್ತದೆ. ನಮಗಾದರೋ ಹನ್ನೆರಡು ತಿಂಗಳೂ ಸುಗ್ಗಿ. ವೆಚ್ಚವಾಗುವ ಋತುವೇ ಬರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಸ್ತ್ರೀಯರಲ್ಲಿ ಶೇಕಡಾ 24ರಷ್ಟು, ಪುರುಷರಲ್ಲಿ ಶೇಕಡಾ 23ರಷ್ಟು ಮಂದಿ ಅಧಿಕ ತೂಕದವರು. ಇಷ್ಟು ಜನ ಒಟ್ಟಿಗೆ ಸೋಮಾರಿಗಳೂ ಹೊಟ್ಟೆಬಾಕರೂ ಆಗಿಬಿಟ್ಟರೆಂದು ಹೇಳುವುದು ವಿವೇಕವಲ್ಲ. ಬದುಕಿನ ಕ್ರಮ ಬದಲಾಗಿದೆ. ಆದುದರಿಂದ ದಪ್ಪನಾದವರನ್ನು ಕಂಡು ಹಾಸ್ಯ ಮಾಡುವುದು, ಅವರ ಮೈಯನ್ನೇ ಅವರ ನಡತೆಯ ಸಾಕ್ಷಿಯೆಂದು ತೀರ್ಮಾನಿಸುವುದು ಸಲ್ಲದು. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಆಡಿದ ಒಂದು ಕುಹಕದ ಮಾತಿನಿಂದ ಎಷ್ಟು ಮಂದಿ ಮನೆಯಿಂದ ಹೊರಬರುವುದನ್ನೇ ಬಿಟ್ಟಿರುವರೋ!

ಈಗ ಪ್ರಶ್ನೆಗೆ ಬರೋಣ. ಪೂರ್ವಪಕ್ಷವು ಹೀಗಿದೆ: ಮುಂಜಾನೆಯ ಪವಿತ್ರವಾದ ಹೊತ್ತನ್ನು ತನ್ನ ಹೊಟ್ಟೆಯ ಸುತ್ತಳತೆಗಾಗಿ ವೆಚ್ಚ ಮಾಡುವುದು ದೇಹಾಭಿಮಾನವಲ್ಲವೇ? ಈ ಆಕ್ಷೇಪ ನಮ್ಮ ದೇಶದ್ದಷ್ಟೇ ಅಲ್ಲ. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಹೆರೊಡಿಕಸ್ ಎಂಬ ವ್ಯಾಯಾಮಶಿಕ್ಷಕನ ಸಂಗತಿಯನ್ನು ಎತ್ತಿ ಆಡಿದ್ದಾನೆ. ರೋಗಿಯಾದ ಆತನು ವ್ಯಾಯಾಮವನ್ನೂ ವೈದ್ಯವನ್ನೂ ಬೆರಸಿ, ಪಥ್ಯದಿಂದ ಒಂದು ಹೆಜ್ಜೆ ತಪ್ಪಿದರೂ ತಳಮಳಿಸುತ್ತ, ಬೇರೆ ಯಾವ ಕೆಲಸವನ್ನೂ ಮಾಡದೆ ತನ್ನ ದೇಹದ ಉಪಚಾರದಲ್ಲಿಯೇ ಮುಪ್ಪನ್ನು ಮುಟ್ಟಿದನಂತೆ. ಅವನ ಎದುರಿಗೆ ಪ್ಲೇಟೋ ಒಬ್ಬ ಬಡಗಿಯನ್ನು ನಿಲ್ಲಿಸುತ್ತಾನೆ. ದೀರ್ಘವಾದ ಪಥ್ಯವನ್ನು ಹೇಳಿದರೆ ಆ ಬಡಗಿ ತನಗೆ ಕಾಯಿಲೆ ಬೀಳಲು ಪುರಸೊತ್ತಿಲ್ಲವೆಂದು ಕೆಲಸಕ್ಕೆ ಮರಳುತ್ತಾನೆ, ಬದುಕಿದರೆ ಬದುಕಿದ, ಇಲ್ಲವಾದರೆ ಸತ್ತು ತೊಂದರೆಯಿಂದ ಪಾರಾದ.

ಹೆರೊಡಿಕಸನ ಬಗೆಗಿನ ಟೀಕೆಯಲ್ಲಿ ಹುರುಳಿದೆ. ಅಂಥವರು ಇಂದಿಗೂ ಇದ್ದಾರೆ. ಎಷ್ಟು ಹೆಜ್ಜೆ, ಎಷ್ಟು ಮೈಲು, ಎಷ್ಟು ಗ್ರಾಂ ಎಂಬ ಲೆಕ್ಕ ಬಿಟ್ಟರೆ ಅವರ ಬಾಯಲ್ಲಿ ಬೇರೆ ಮಾತಿಲ್ಲ. ಆದರೆ ಬಡಗಿಯ ವಿಷಯದಲ್ಲಿ ಪ್ಲೇಟೋವಿನ ಮಾತನ್ನು ನಾವು ಒಪ್ಪಲಾರೆವು. ಬಡಗಿ ಸತ್ತು ಪಾರಾದನು ನಿಜ, ಅವನ ಹೆಂಡತಿ ಮಕ್ಕಳು ಪಾರಾದರೇ? ಅವನ ಕೈಯಿಂದ ಆಗಬೇಕಿದ್ದ ಬಾಗಿಲು, ನೇಗಿಲುಗಳು ಆದವೇ? ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ತಂದೆಯನ್ನು ಹತ್ತು ವರ್ಷ ಎತ್ತಿ ಇಳಿಸಿದ ಮಗಳಿಗೆ ಗೊತ್ತು, ಒಬ್ಬನ ಶರೀರ ಒಬ್ಬನದೇ ಅಲ್ಲವೆಂಬುದು. ನಮ್ಮ ಆರೋಗ್ಯದಲ್ಲಿ ಮನೆಯವರಿಗೆ ಪಾಲಿದೆ, ನೆರೆಯವರಿಗೆ ಪಾಲಿದೆ, ಸಮಾಜಕ್ಕೆ ಪಾಲಿದೆ. ಪಾಲುದಾರರಿರುವ ಆಸ್ತಿಯನ್ನು ಹಾಳುಮಾಡುವ ಅಧಿಕಾರ ಯಾರಿಗಿದೆ? ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದಾಗ ವಟುಗಳ ಶಿಕ್ಷಣದಲ್ಲಿ ಶಾಸ್ತ್ರಾಧ್ಯಯನದೊಡನೆ ಯೋಗಾಭ್ಯಾಸಕ್ಕೂ ಗೋಸೇವೆಗೂ ಸ್ಥಾನವಿತ್ತಷ್ಟೆ. ವೈರಾಗ್ಯವನ್ನು ಕಲಿಸುವಲ್ಲಿಯೂ ಶರೀರವನ್ನು ಅಲಕ್ಷಿಸಲು ಕಲಿಸಲಿಲ್ಲ.

ಹಾಗಾದರೆ ಅಭಿಮಾನಕ್ಕೂ ರಕ್ಷಣೆಗೂ ನಡುವಿನ ಗೆರೆ ಎಲ್ಲಿ? ಆಯುರ್ವೇದದ ಆಚಾರ್ಯರು ಇದಕ್ಕೊಂದು ಸೂಕ್ಷ್ಮವಾದ ಉತ್ತರವನ್ನು ಇಟ್ಟಿದ್ದಾರೆ. ಚರಕನು ಅತಿಸ್ಥೂಲತೆಯನ್ನೂ ಅತಿಕೃಶತೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎರಡೂ ದೋಷವೆಂದನು. ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ವ್ಯಾಯಾಮದ ಫಲಗಳನ್ನು ಎಣಿಸುವಾಗ ಮೊದಲು ಮೈಯ ಲಘುತ್ವವನ್ನೂ, ಬಳಿಕ ಕೆಲಸ ಮಾಡುವ ಸಾಮರ್ಥ್ಯವನ್ನೂ, ಬಳಿಕ ಜಠರಾಗ್ನಿಯ ಚುರುಕನ್ನೂ ಹೇಳಿ, ಅನಂತರ ಮೇದಸ್ಸು ಕರಗುವುದನ್ನು ಹೇಳುತ್ತಾನೆ. ಕೊಬ್ಬು ಕರಗುವುದಕ್ಕಿಂತ ಮೊದಲು ಕೆಲಸದ ಸಾಮರ್ಥ್ಯ ಬಂದಿದೆ. ಈ ಅನುಕ್ರಮವನ್ನು ನೆನಪಿನಲ್ಲಿಡಿರಿ. ತೂಕವನ್ನು ಇಳಿಸುವುದು ಗುರಿಯಲ್ಲ, ಕೆಲಸಕ್ಕೆ ಬರುವ ಮೈಯನ್ನು ಪಡೆಯುವುದು ಗುರಿ. ಗಳಿಸಿದ ಶಕ್ತಿ ಎಲ್ಲಿ ವಿನಿಯೋಗವಾಗುತ್ತದೆ ಎಂಬುದರ ಮೇಲೆ ಅದು ಅಭಿಮಾನವೋ ಧರ್ಮವೋ ಎಂಬುದು ತೀರ್ಮಾನವಾಗುತ್ತದೆ. ದುಡಿದು ಗಳಿಸಿದ ಧಾನ್ಯ ದಾಸೋಹಕ್ಕೆ ಸಲ್ಲುವಂತೆ, ತುಳಿದು ಗಳಿಸಿದ ಬಲವೂ ಅನ್ಯರ ಹಿತಕ್ಕೆ ಸಲ್ಲಬೇಕು. ಕನ್ನಡಿಯ ಮುಂದೆ ನಿಲ್ಲುವುದರಲ್ಲಿಯೇ ಆ ಬಲ ಮುಗಿದರೆ ಅದು ಕಣಜದಲ್ಲಿ ಕೊಳೆತ ಕಾಳಿನಂತೆ.

ಈ ವಿಚಾರದಲ್ಲಿ ಒಂದು ಪ್ರಾಯೋಗಿಕ ಲಾಭವೂ ಉಂಟು. ಸೈಕಲ್ಲನ್ನು ಮತ್ತೆ ಹಿಡಿದವರಲ್ಲಿ ಅನೇಕರು ಒಂದೆರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಕಾರಣವೇನು? ತಕ್ಕಡಿಯ ಮುಳ್ಳು ಕೆಳಗಿಳಿಯಲಿಲ್ಲ ಎಂಬುದು. ಲೆಕ್ಕವನ್ನು ನೋಡಿರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. 70 ಕಿಲೋ ತೂಕದ ಮನುಷ್ಯ ಸಾಧಾರಣ ವೇಗದಲ್ಲಿ ಒಂದು ತಾಸು ಸೈಕಲ್ ತುಳಿದರೆ ವೆಚ್ಚವಾಗುವುದು ಹೆಚ್ಚು ಕಡಿಮೆ 400 ಕ್ಯಾಲೊರಿ. ಊಟದಲ್ಲಿ ಒಂದು ತುತ್ತೂ ಹೆಚ್ಚಾಗದಿದ್ದರೆ ಒಂದು ಕಿಲೋ ಕರಗಲು ಇಪ್ಪತ್ತು ದಿನ ಬೇಕು. ಸವಾರಿ ಮುಗಿಸಿ ಬಂದು ತುಪ್ಪ ಸುರಿದ ಎರಡು ಹೋಳಿಗೆ ತಿಂದರೆ ಅಂದಿನ ಲೆಕ್ಕ ಅಲ್ಲಿಗೆ ಚುಕ್ತಾ. ತುಳಿದವನಿಗೆ ಹಸಿವೂ ಹೆಚ್ಚು. ಆದುದರಿಂದ ಸೈಕಲ್ಲೊಂದರಿಂದಲೇ ತೂಕ ಬಹಳ ಇಳಿಯುವುದಿಲ್ಲ. ಆದರೆ ತೂಕ ಇಳಿಯದಿದ್ದರೂ ಹೃದಯ ಬಲಗೊಳ್ಳುತ್ತದೆ, ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ, ನಿದ್ರೆ ಚೆನ್ನಾಗುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುತ್ತದೆ. ಫಲವನ್ನು ತಕ್ಕಡಿಯಲ್ಲಿ ಮಾತ್ರ ಹುಡುಕುವವನು ಇವನ್ನೆಲ್ಲ ಕಾಣದೆ ಹೋಗುತ್ತಾನೆ. ಫಲಾಪೇಕ್ಷೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂಬ ಉಪದೇಶ ಇಲ್ಲಿ ವೈದ್ಯರ ಉಪದೇಶವೂ ಆಗಿದೆ.

ಇನ್ನು ಎರಡನೆಯ ಆಕ್ಷೇಪ. ಎಲ್ಲಿಗೂ ಹೋಗದ ಸವಾರಿ, ಏನನ್ನೂ ಉತ್ಪಾದಿಸದ ಬೆವರು ವ್ಯರ್ಥವಲ್ಲವೇ? ಗಾಂಧೀಜಿಯವರು ಶರೀರಶ್ರಮವನ್ನು ತಮ್ಮ ಆಶ್ರಮದ ಏಕಾದಶ ವ್ರತಗಳಲ್ಲಿ ಒಂದಾಗಿ ಸೇರಿಸಿದಾಗ ಅವರ ಮನಸ್ಸಿನಲ್ಲಿದ್ದುದು ಅನ್ನಕ್ಕಾಗಿ ದುಡಿಯುವ ಶ್ರಮ. ಈ ಆಕ್ಷೇಪವನ್ನು ನಾವು ಅರ್ಧ ಒಪ್ಪುತ್ತೇವೆ. ರೋಗದ ಚಿಕಿತ್ಸೆಯಾಗಿ ಸುಮ್ಮನೆ ತುಳಿದರೂ ತಪ್ಪಿಲ್ಲ, ಔಷಧ ನುಂಗುವುದರಿಂದಲೂ ಏನೂ ಉತ್ಪತ್ತಿಯಾಗುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಮುಂಜಾನೆ ಸೈಕಲ್ಲಿನಲ್ಲಿ ಒಂದು ತಾಸು ತಿರುಗಿ ಬಂದು, ಹತ್ತು ಗಂಟೆಗೆ ಅರ್ಧ ಮೈಲಿನ ಕಚೇರಿಗೆ ಮೋಟಾರು ಸೈಕಲ್ ಏರುವವರನ್ನು ನಾವು ಬಲ್ಲೆವು. ಆ ಅರ್ಧ ಮೈಲಿಗೆ ಸೈಕಲ್ಲೇಕೆ ಬೇಡ? ಹಿಟ್ಟಿನ ಗಿರಣಿಗೆ, ಹೊಲಕ್ಕೆ, ಕಾಯಿಪಲ್ಲೆಯ ಸಂತೆಗೆ, ಶಾಲೆಗೆ ಅದೇ ಗಾಲಿಗಳು ಸಾಕಲ್ಲವೇ? ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಸಾವಿರಾರು ಜನರನ್ನು ವರ್ಷಗಟ್ಟಲೆ ಅವಲೋಕಿಸಿ 2000ನೆಯ ಇಸವಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗದವರ ಮರಣಪ್ರಮಾಣವು ಹೋಗುವವರಿಗಿಂತ ಶೇಕಡಾ 39ರಷ್ಟು ಹೆಚ್ಚಾಗಿತ್ತು. ಬಿಡುವಿನ ವೇಳೆಯ ವ್ಯಾಯಾಮವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ಅಂತರ ಉಳಿಯಿತು. ಕೆಲಸದಿಂದ ಬೇರ್ಪಟ್ಟ ಶ್ರಮವನ್ನು ಮರಳಿ ಕೆಲಸದೊಳಗೆ ಸೇರಿಸುವುದೇ ಆ ಭಕ್ತರ ಪ್ರಶ್ನೆಗೆ ಉತ್ತರ.

ಇದಕ್ಕೆ ಅಡ್ಡ ಬರುವುದು ಕಾಲಿನ ನಿಶ್ಶಕ್ತಿಯಲ್ಲ, ನಾಚಿಕೆ. ನಸುಕಿನ ಕತ್ತಲಲ್ಲಿ ವ್ಯಾಯಾಮದ ಉಡುಪು ತೊಟ್ಟು ತುಳಿದರೆ ಗೌರವ, ಹಾಡುಹಗಲಲ್ಲಿ ಚೀಲ ತೂಗುಹಾಕಿ ತುಳಿದರೆ ಬಡತನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಾವಿರಾರು ರೂಪಾಯಿಯ ಹೊಸ ಸೈಕಲ್ಲಿನವನು, ತುಕ್ಕುಹಿಡಿದ ಸೈಕಲ್ಲಿನ ಮೇಲೆ ಗಾರೆ ಕೆಲಸಕ್ಕೆ ಹೊರಟ ಕೂಲಿಕಾರನನ್ನು ದಿನವೂ ದಾಟಿ ಹೋಗುತ್ತಾನೆ. ಇಬ್ಬರ ಬೆವರೂ ಉಪ್ಪೇ. ಒಬ್ಬನದನ್ನು ಸಾಧನೆಯೆಂದು ಹೊಗಳಿ ಇನ್ನೊಬ್ಬನದನ್ನು ದುರ್ದೈವವೆಂದು ಕನಿಕರಿಸುವುದು ಯಾವ ನ್ಯಾಯ? ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವವರಿಗೆ ಇದು ದಿನನಿತ್ಯದ ಪರೀಕ್ಷೆ. ಹೊಸದಾಗಿ ಸೈಕಲ್ ಏರಿದವರು ದಾರಿಯಲ್ಲಿ ಸಿಕ್ಕ ಹಳೆಯ ಸವಾರನಿಗೆ ಶರಣು ಹೇಳಿ ಮುಂದೆ ಸಾಗಿದರೂ ಸಾಕು, ಆ ದಿನದ ಸವಾರಿ ಸಾರ್ಥಕ.

‘ಮತ್ತೆ ಸೈಕಲ್ ಹಿಡಿಯುವುದು’ ಎಂಬ ಮಾತು ಪುರುಷರಿಗೆ ಸಹಜವಾಗಿ ಸಲ್ಲುತ್ತದೆ. ಸ್ತ್ರೀಯರಲ್ಲಿ ಎಷ್ಟು ಮಂದಿಗೆ ಸಲ್ಲೀತು? ಐವತ್ತು ದಾಟಿದ ನಮ್ಮ ತಾಯಂದಿರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಸೈಕಲ್ ಮುಟ್ಟಗೊಡಲಿಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಹಸ್ರಾರು ಗ್ರಾಮೀಣ ಸ್ತ್ರೀಯರು ಸೈಕಲ್ ಕಲಿತುದು ಒಂದು ಚರಿತ್ರೆಯೇ ಆಯಿತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಗಿ ಅನೇಕ ವರ್ಷ ನಡೆದ ಯೋಜನೆಯಿಂದ ಎಂಟನೆಯ ತರಗತಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲಿನಲ್ಲಿ ಶಾಲೆಗೆ ಹೋದುದನ್ನು ನೀವೆಲ್ಲ ಕಂಡಿದ್ದೀರಿ. ಆ ಮಕ್ಕಳ ತಾಯಂದಿರಿಗೂ ಮೊಣಕಾಲು ನೋವುಂಟು, ಸಕ್ಕರೆ ರೋಗವುಂಟು. ದಿನವಿಡೀ ಮನೆಗೆಲಸ ಮಾಡುವವಳಿಗೆ ವ್ಯಾಯಾಮವೇಕೆಂದು ಕೇಳುವುದುಂಟು. ಒಲೆಯ ಮುಂದೆ ನಿಲ್ಲುವ ಆಯಾಸ ಬೇರೆ, ತೆರೆದ ಗಾಳಿಯಲ್ಲಿ ಮೈ ಹಗುರಾಗುವ ಶ್ರಮ ಬೇರೆ. ಯಜಮಾನರು ಸವಾರಿ ಮುಗಿಸಿ ಬರುವ ಹೊತ್ತಿಗೆ ಚಹಾ ಸಿದ್ಧವಿರಬೇಕೆಂದಾದರೆ ಅವರ ಆರೋಗ್ಯಕ್ಕೆ ಇನ್ನೊಬ್ಬರ ಮುಂಜಾನೆ ಬೆಲೆಯಾಯಿತು. ವಾರದಲ್ಲಿ ಮೂರು ದಿನ ಅವರೇ ಒಲೆ ಹೊತ್ತಿಸಿ, ಆ ತಾಯಿಗೆ ನಡೆಯಲೋ ತುಳಿಯಲೋ ಬಿಡುವು ಮಾಡಿಕೊಡಲಿ.

ಊಟದ ಮಾತನ್ನೂ ಹೇಳದೆ ಬಿಡುವಂತಿಲ್ಲ. ಹಸಿವನ್ನು ಅನುಸರಿಸಿ ಉಣ್ಣಬೇಕೆಂದು ತಿಳಿಹೇಳಿದ ಸರ್ವಜ್ಞನು ಹಿರೇಕೆರೂರು ತಾಲೂಕಿನ ಅಬಲೂರಿನವನೆಂದು ಪ್ರತೀತಿ. ಆದರೂ ಆ ಸೀಮೆಯಲ್ಲಿಯೂ ಜಾತ್ರೆ, ಮದುವೆಗಳ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದವನ ಎಲೆಗೆ ಇನ್ನೊಂದು ಸೌಟು ಗೋಧಿಹುಗ್ಗಿ ಬೀಳುವುದು ತಪ್ಪಿಲ್ಲ. ಬಡಿಸುವವರ ಪ್ರೀತಿ ನಿಜವಾದುದು. ಬರಗಾಲವನ್ನು ಕಂಡ ನಾಡಿಗೆ ಒತ್ತಾಯದ ಬಡಿಸುವಿಕೆ ಒಂದು ಕಾಲಕ್ಕೆ ಕರುಣೆಯೇ ಆಗಿತ್ತು. ಇಂದು ಸಾಕೆಂದವನ ಮಾತನ್ನು ಒಪ್ಪುವುದೇ ಕರುಣೆ. ಪ್ರಸಾದವು ಪ್ರಮಾಣದಿಂದ ಪ್ರಸಾದವಾಗುವುದಿಲ್ಲ. ಒಂದು ತುತ್ತು ಸ್ವೀಕರಿಸಿದವನೂ ಪ್ರಸಾದವನ್ನು ಸ್ವೀಕರಿಸಿದವನೇ.

ಆರಂಭಿಸುವವರಿಗೆ ಕೆಲವು ಎಚ್ಚರಿಕೆಗಳು. ಇಪ್ಪತ್ತರ ಹರೆಯದಲ್ಲಿ ತುಳಿದ ನೆನಪಿನಿಂದ ಐವತ್ತರ ಮೈಯನ್ನು ಅಳೆಯಬೇಡಿರಿ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಅದೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂಬುದು ವಾಗ್ಭಟನ ಮತ. ತುಳಿಯುತ್ತಲೇ ಜೊತೆಯವರೊಡನೆ ಮಾತನಾಡಬಲ್ಲೆ, ಆದರೆ ಹಾಡಲಾರೆ ಎನ್ನಿಸುವಷ್ಟು ಶ್ರಮ ಸಾಕೆಂದು ಇಂದಿನ ವೈದ್ಯರು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಹೃದಯದ ತೊಂದರೆ ಇರುವವರೂ, ಸಕ್ಕರೆ ರೋಗಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ತುಳಿಯುವಾಗ ಎದೆ ಹಿಡಿದಂತಾದರೆ ಕೂಡಲೇ ನಿಲ್ಲಿಸತಕ್ಕದ್ದು. ಸೀಟು ತೀರ ತಗ್ಗಿದ್ದರೆ ಮೊಣಕಾಲು ನೋಯುತ್ತದೆ. ಪೆಡಲ್ ಕೆಳಗಿರುವಾಗ ಕಾಲು ಸ್ವಲ್ಪವೇ ಬಾಗಿರುವಷ್ಟು ಸೀಟಿನ ಎತ್ತರವಿರಲಿ. ಶಿಗ್ಗಾಂವಿಯ ಭಕ್ತರು ಪುಣೆ-ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಹಳ್ಳಿಗಳ ಒಳದಾರಿಗಳನ್ನು ಹಿಡಿಯುವುದು ಒಳಿತು. ನಸುಕಿನಲ್ಲಿ ಹೊರಡುವವರಿಗೆ ಹಿಂದೆ ಮುಂದೆ ದೀಪ ಬೇಕೇ ಬೇಕು.

ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ, ಇಂದು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ದೊಡ್ಡ ಹುದ್ದೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರು ಸೈಕಲ್ ತುಳಿದೇ ವಿದ್ಯೆಯನ್ನು ಪಡೆದವರು. ಈಗ ಅದನ್ನೇ ಆರೋಗ್ಯಕ್ಕಾಗಿ ಹಿಡಿಯುವುದಾದರೆ ಸಂತೋಷ. ಹಿಡಿದ ಮೇಲೆ ನಿಮ್ಮನ್ನು ನೀವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಈ ಬಲದಿಂದ ನನ್ನ ಮನೆಯವರಿಗೂ ನೆರೆಯವರಿಗೂ ಯಾವ ಉಪಯೋಗವಾಯಿತು? ಹೊಟ್ಟೆಪಾಡಿಗಾಗಿ ತುಳಿಯುವವನನ್ನು ನಾನು ಸಮಾನನೆಂದು ಕಾಣುತ್ತಿರುವೆನೇ? ತಕ್ಕಡಿ ಮೌನವಾಗಿದ್ದ ದಿನವೂ ನಾನು ಹೊರಟೆನೇ? ಇವಕ್ಕೆ ಒಳ್ಳೆಯ ಉತ್ತರ ದೊರೆತರೆ ನಿಮ್ಮ ಸವಾರಿ ದೇಹಾಭಿಮಾನವಲ್ಲ, ನಿಸ್ಸಂದೇಹವಾಗಿ ಕಾಯಕದ ಒಂದು ಭಾಗ. ಮೈ ಹಗುರಾಗಲಿ, ಅದರೊಡನೆ ಮನಸ್ಸೂ ಹಗುರಾಗಲಿ. ಎರಡೂ ಲೋಕದ ಕೆಲಸಕ್ಕೆ ಒದಗಲಿ ಎಂದು ಹಾರೈಸುತ್ತೇವೆ.